ಅಕ್ಕನ ಬಿಳಿ ಬಟ್ಟೆ, ನನ್ನ ಟೀ

ತುಪ್ಪದ ಕಲೆಗೆ ಬೆಚ್ಚಗೆ ಹುರಿದ ರಾಗಿಹಿಟ್ಟು. ರಕ್ತಕ್ಕೆ ತಣ್ಣೀರು, ಬಿಸಿನೀರು ಸೋಕಿಸಲೇಬಾರದು. ಗಾಡಿಯ ಕೀಲೆಣ್ಣೆಗೆ ನೀಲಗಿರಿ ಎಣ್ಣೆ. ಕಬ್ಬಿಣದ ತುಕ್ಕಿಗೆ ಹುಳಿ ಮಜ್ಜಿಗೆ ಮತ್ತು ಉಪ್ಪು. ಮಣ್ಣು, ಬೆವರು, ಹೊಗೆ, ಮಿಕ್ಕ ಏನೇ ಇರಲಿ, ಬೂದಿನೀರು. ಇದು ನನ್ನ ಹೆತ್ತೆಯ, ಎಂದರೆ ಅಪ್ಪನ ತಾಯಿಯ, ಶಾಸ್ತ್ರ. ನೀಲಗಿರಿಯ ಇತ್ತಲಾರ್ ಕಡೆಯ ನಮ್ಮ ಹಟ್ಟಿಯಲ್ಲಿ ಗಂಡಸರೂ ಹೆಂಗಸರೂ ಉಡುವುದು ಬಿಳಿ, ಕೆಲಸ ಮಾಡುವುದು ಕೆಮ್ಮಣ್ಣಿನಲ್ಲಿ. ಅಂಥ ಊರಿನಲ್ಲಿ ಕಲೆ ತೆಗೆಯಬಲ್ಲ ಮುದುಕಿಗೆ ಎಷ್ಟು ಅಧಿಕಾರ ಇರಬಹುದೆಂದು ನೀವೇ ಊಹಿಸಿಕೊಳ್ಳಿ. ಹಟ್ಟಿಯ ಹೆಂಗಸರು ಕಲೆಯಾದ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಬಂದು ಅವಳ ಎದುರು ನಿಲ್ಲುತ್ತಿದ್ದ ರೀತಿ, ನ್ಯಾಯ ಕೇಳಲು ಬಂದವರ ರೀತಿ.

ನಾನಾದರೋ ಉದಕಮಂಡಲದ ಶಾಲೆಯಲ್ಲಿ ಓದುತ್ತಿದ್ದೆ. ಅಲ್ಲಿ ವಾರಕ್ಕೊಮ್ಮೆ ಚರ್ಚಾಕೂಟ. ಯಾವ ಮಾತನ್ನೂ ಆಧಾರವಿಲ್ಲದೆ ಒಪ್ಪಬೇಡ, ಎದುರಾಳಿಯ ಮಾತಿನಲ್ಲಿ ಮೊದಲು ಸಂದು ಹುಡುಕು, ಮೂರು ಅಂಶ ಹೇಳು, ಕೈ ಬೀಸಿ ಹೇಳು ಎಂದು ನಮ್ಮ ಮೇಷ್ಟರು ಕಲಿಸಿದ್ದರು. ರಜಕ್ಕೆ ಮನೆಗೆ ಬಂದಾಗ ನನಗೆ ಸಿಕ್ಕ ಎದುರಾಳಿ ಹೆತ್ತೆ. ಏಕೆ ರಾಗಿಹಿಟ್ಟು, ಏಕೆ ಸಾಮೆಯ ಹಿಟ್ಟಲ್ಲ ಎಂದು ಕೇಳುತ್ತಿದ್ದೆ. ಅವಳಿಂದ ಬರುತ್ತಿದ್ದುದು ಒಂದೇ ಉತ್ತರ: ‘ಕಲೆ ಹೋತಾ ಇಲ್ಲೆಯಾ, ಅದ ಹೇಳು.’

ಒಮ್ಮೆ ನಾನು ಅವಳನ್ನು ಸೋಲಿಸಿಯೇಬಿಟ್ಟೆ ಎಂದುಕೊಂಡಿದ್ದೆ. ಬೂದಿನೀರನ್ನು ಮೂಡಣಕ್ಕೆ ಮುಖ ಮಾಡಿ ಸುರಿಯಬೇಕು ಎನ್ನುವುದು ಅವಳ ನಿಯಮಗಳಲ್ಲಿ ಒಂದು. ನಾನು ಒಂದೇ ಪಂಚೆಯ ಒಂದು ತುದಿಯನ್ನು ಮೂಡಣಕ್ಕೆ ತಿರುಗಿ ಒಗೆದೆ, ಇನ್ನೊಂದು ತುದಿಯನ್ನು ಪಡುವಣಕ್ಕೆ ತಿರುಗಿ ಒಗೆದೆ, ಎರಡೂ ಒಂದೇ ಸಮ ಬೆಳ್ಳಗಾದವು ಎಂದು ಮನೆಮಂದಿಯ ಎದುರು ಎತ್ತಿ ತೋರಿಸಿದೆ. ಹೆತ್ತೆ ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಹಂಗಾದರ ನೀ ಪಡುವಕ್ಕೆ ತಿರುಗಿಯೇ ಒಗೆ. ಮೂಡಣದಲ್ಲಿ ನಾ ಒಗೆತ್ತೆ, ಜಾಗ ಸಾಕು’ ಎಂದಳು. ಎಲ್ಲರೂ ನಕ್ಕರು. ಪ್ರಮಾಣ ನನ್ನ ಕಡೆ ಇತ್ತು, ನಗು ಅವಳ ಕಡೆ.

ಈಗ ಹೇಳಹೊರಟಿರುವುದು ಕಳೆದ ಚಳಿಗಾಲದ ಎಂಟು ದಿನಗಳ ಸಂಗತಿ. ನೆನೆದರೆ ಈಗಲೂ ಕೈ ಸುಮ್ಮನೆ ಕೂರುವುದಿಲ್ಲ.

ಅಕ್ಕ ಬಸುರಿ, ಏಳನೆಯ ತಿಂಗಳು, ತವರಿಗೆ ಬಂದಿದ್ದಳು. ನಮ್ಮ ಜನರಲ್ಲಿ ಮದುವೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಏಳನೆಯ ತಿಂಗಳಲ್ಲಿ ಗಂಡ ತನ್ನ ಕಡೆಯವರೊಡನೆ ಹೆಂಡತಿಯ ತವರಿಗೆ ಬರಬೇಕು, ಎಲ್ಲರ ಎದುರು ಮಾವನ ಅನುಮತಿ ಕೇಳಬೇಕು, ಆಮೇಲೆ ಅವಳ ಕೊರಳಿಗೆ ನೂಲಿನ ಎಳೆಯನ್ನು ಹಾಕಬೇಕು. ಅದಕ್ಕೆ ಕಣ್ಣಿ ಹಾಕುವುದು ಎನ್ನುತ್ತೇವೆ. ಅದಾದ ಮೇಲೆಯೇ ಮದುವೆ ಗಟ್ಟಿ. ಆ ದಿನಕ್ಕೆ ಇನ್ನು ಎಂಟು ದಿನ ಇದ್ದವು.

ಅಕ್ಕ ಪೆಟ್ಟಿಗೆಯಿಂದ ಒಂದು ಬಿಳಿ ಬಟ್ಟೆ ತೆಗೆದು ಜಗಲಿಯ ಮೇಲೆ ಗಾಳಿಗೆ ಹರಡಿದಳು. ನಮ್ಮ ಹೆಂಗಸರು ಮೈಮೇಲೆ ಭುಜದ ಸುತ್ತ ಸುತ್ತಿಕೊಳ್ಳುವ ಮಾಮೂಲು ಬಟ್ಟೆ, ಅಂಚಿಲ್ಲ, ಚಿತ್ತಾರವಿಲ್ಲ. ಆದರೆ ಗಂಡನ ಮನೆಯ ಹೊಸ್ತಿಲು ದಾಟಿದ ದಿನ ಅವಳ ಅತ್ತೆ ತನ್ನ ಕೈಯಾರೆ ಅದನ್ನು ಇವಳಿಗೆ ಸುತ್ತಿದ್ದಳು. ನೀರು ತರಲು ತೊರೆಗೆ ಹೋಗುವಾಗ ಹಿಂದೆಯೇ ಬಂದು ಚಳಿಗೆ ಕೊರಳವರೆಗೆ ಎಳೆದು ಸಿಕ್ಕಿಸಿದ್ದಳಂತೆ. ಆ ಅತ್ತೆ ಆರು ತಿಂಗಳೊಳಗೆ ಜ್ವರದಲ್ಲಿ ತೀರಿಕೊಂಡಳು. ಕಣ್ಣಿ ಹಾಕುವ ದಿನ ಅತ್ತೆಯೇ ಇರಬೇಕಿತ್ತು, ಅವಳಿಲ್ಲದಿದ್ದರೆ ಅವಳು ಸುತ್ತಿದ ಬಟ್ಟೆಯಾದರೂ ಮೈಮೇಲೆ ಇರಲಿ ಎಂಬುದು ಅಕ್ಕನ ಆಸೆ. ಇದನ್ನು ಅವಳು ಯಾರೊಡನೆಯೂ ದೊಡ್ಡದಾಗಿ ಹೇಳಿಕೊಂಡವಳಲ್ಲ, ನನಗೆ ಅವ್ವೆಯಿಂದ ತಿಳಿದದ್ದು.

ಅದೇ ಮಧ್ಯಾಹ್ನ ನಾನು ಟೀಯ ಪರವಾಗಿ ಮಾತನಾಡುತ್ತಿದ್ದೆ.

ನಮ್ಮ ಹೊಲದ ಮೇಲಿನ ಅಂಚಿನಲ್ಲಿ ಅಪ್ಪ ಹೊಸದಾಗಿ ಟೀ ಗಿಡ ಹಾಕಿದ್ದರು. ಆಲೂಗಡ್ಡೆ ಬೆಳೆಯುವ ಭೂಮಿಗೆ ಈ ಪೊದೆ ಏಕೆ ಎಂದು ಹೆತ್ತೆಯ ತಕರಾರು. ಕೂನೂರಿನಿಂದ ಮಾಮ ತಂದುಕೊಟ್ಟ ಟೀ ಪುಡಿಯನ್ನು ನಾನೇ ಕುದಿಸಿದೆ. ಹಾಲು ಹಾಕಿದರೆ ಹಾಲಿನ ರುಚಿಯಾಗುತ್ತದೆ, ಎಲೆಯ ಗುಣ ತಿಳಿಯುವುದಿಲ್ಲ ಎಂದು ಹಾಲು ಬಿಟ್ಟು, ಕಡುಕೆಂಪು ಕಷಾಯವನ್ನು ಲೋಟಕ್ಕೆ ಸುರಿದುಕೊಂಡು ಜಗಲಿಯಲ್ಲಿ ನಿಂತೆ. ಮೊದಲ ಅಂಶ, ಚಳಿಗೆ ಒಳ್ಳೆಯದು. ಎರಡನೆಯ ಅಂಶ, ಗಿಡ ಒಮ್ಮೆ ನೆಟ್ಟರೆ ಬಹುಕಾಲ ಇರುತ್ತದೆ. ಮೂರನೆಯ ಅಂಶಕ್ಕೆ ಮೇಷ್ಟರು ಹೇಳಿಕೊಟ್ಟಂತೆ ಬಲಗೈಯನ್ನು ಅಗಲವಾಗಿ ಬೀಸಿದೆ. ಲೋಟ ಆ ಕೈಯಲ್ಲೇ ಇತ್ತು.

ಬಟ್ಟೆಯ ನಡುವೆ ಅಂಗೈಯಗಲದ ಕೆಂಪು. ನೋಡುನೋಡುತ್ತ ಅದು ಇನ್ನಷ್ಟು ಹರಡಿತು. ಅಕ್ಕ ಕೂಗಾಡಲಿಲ್ಲ. ಬಟ್ಟೆಯ ಎರಡು ಅಂಚು ಹಿಡಿದು ಎತ್ತಿ, ಕಲೆಯನ್ನು ನೋಡಿ, ಅದನ್ನು ಹೆತ್ತೆಯ ಮಡಿಲಿಗೆ ಹಾಕಿದಳು.

ಹೆತ್ತೆ ಮೂಸಿದಳು, ಬೆರಳಿನಿಂದ ಉಜ್ಜಿದಳು, ತಣ್ಣೀರಿನಲ್ಲಿ ಅದ್ದಿ ಹಿಂಡಿದಳು. ಕೆಂಪು ಸ್ವಲ್ಪ ತೆಳುವಾಯಿತು, ಹೋಗಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳದಿದ್ದ ಮಾತನ್ನು ಆಗ ಕೇಳಿದೆ.

‘ಈ ಎಲೆ ಎನಗ ಗೊತ್ತಿಲ್ಲೆ, ಹೈದಾ. ಗೊತ್ತಿಲ್ಲದ ಕಲೆಗೆ ಕೈ ಹಾಕಬಾರದು. ತಣ್ಣೀರಲ್ಲಿ ಇರಲಿ, ನಾಳೆ ಯೋಚನೆ ಮಾಡಕ್ಕು.’

ಇಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅಪರಾಧ ನನ್ನದು, ಪರಿಹಾರವನ್ನು ನಾನೇ ಕಂಡುಹಿಡಿಯಬೇಕೆಂಬ ಉರಿ. ಜೊತೆಗೆ, ನಿಜ ಹೇಳುತ್ತೇನೆ, ಹೆತ್ತೆ ತಡವರಿಸಿದ್ದನ್ನು ಮೊದಲ ಸಲ ಕಂಡಿದ್ದೆ, ವಾದಿಸದೆ ಇರಲಾಗಲಿಲ್ಲ. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಅವಳದೇ ಮಾತುಗಳನ್ನು ಅವಳ ಮುಂದಿಟ್ಟೆ. ಬೇರೆ ಔಷಧಿ ಗೊತ್ತಿಲ್ಲದ ಕಲೆಗೆಲ್ಲ ಬೂದಿನೀರು ಎಂದವಳು ನೀನೇ ತಾನೆ? ಟೀ ಕಲೆಗೆ ಬೇರೆ ಔಷಧಿ ಗೊತ್ತಿಲ್ಲ ತಾನೆ? ಹಾಗಾದರೆ ಬೂದಿನೀರೇ. ತೆಳುವಾದ ಬೂದಿನೀರು ಸಾಮಾನ್ಯ ಕಲೆ ತೆಗೆದರೆ, ಗಟ್ಟಿ ಕಲೆಗೆ ಗಟ್ಟಿ ಬೂದಿನೀರು. ತಣ್ಣಗಿದ್ದಾಗ ಅಷ್ಟು ಕೆಲಸ ಮಾಡುವುದಾದರೆ ಕುದಿಸಿದಾಗ ಇನ್ನೆಷ್ಟು ಮಾಡಬೇಡ? ಹೆತ್ತೆ ಒಲೆಯ ಬೂದಿಯನ್ನು ಕೆದಕುತ್ತ ಕೂತಳು. ಅಪ್ಪ ತಲೆದೂಗಿದರು. ಅವ್ವೆಯೂ ಹೌದೆಂದಳು. ಅಕ್ಕ ನನ್ನ ಮುಖ ನೋಡಿ, ನಿನಗೆ ನಂಬಿಕೆಯಿದೆಯೇ ಎಂದು ಕೇಳಿದಳು. ಇದೆ ಎಂದೆ. ನಂಬಿಕೆ ಎನ್ನುವ ಮಾತನ್ನು ಅಷ್ಟು ಸಲೀಸಾಗಿ ಆಡಿದವನು, ಬೇರೆಯವರು ಆಡಿದ್ದರೆ ಬಿಡುತ್ತಿದ್ದೆನೆ?

ತಾಮ್ರದ ಹಂಡೆಯಲ್ಲಿ ಕುಡಿಯುವ ನೀರು ತುಂಬಿತ್ತು. ಹಿತ್ತಿಲಲ್ಲಿ ದನಗಳಿಗೆ ಆಲೂಗಡ್ಡೆ ಬೇಯಿಸುವ ಹಳೆಯ ಕಬ್ಬಿಣದ ಹಂಡೆ ಇತ್ತು. ಅದನ್ನು ತೊಳೆದು, ಬೂದಿನೀರು ಬಸಿದು, ಅಕ್ಕನ ಬಟ್ಟೆಯನ್ನು ಹಾಕಿ, ಕೆಳಗೆ ಬೆಂಕಿ ಮಾಡಿದೆ. ನೀರು ಕುದಿಯುವ ಹೊತ್ತಿಗೆ ನನಗೂ ಉತ್ಸಾಹ ಕುದಿಯುತ್ತಿತ್ತು. ಕೋಲಿನಿಂದ ಬಟ್ಟೆಯನ್ನು ಎತ್ತಿದೆ.

ಕಪ್ಪು. ಕೆಂಪು ಇದ್ದ ಕಡೆಯೆಲ್ಲ ಮಸಿಯಂಥ ಕಪ್ಪು, ಅದರ ಸುತ್ತ ಬೂದುಬಣ್ಣದ ಅಂಚು.

ಹೆತ್ತೆ ಬಂದು ನೋಡಿದಳು, ಹಂಡೆಯನ್ನು ಮಗುಚಿದಳು. ಅಕ್ಕ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾತನಾಡಿದಳು. ‘ವಾದ ನೀ ಗೆದ್ದೆ. ಸೋತುದು ಎನ್ನ ಬಟ್ಟೆ.’

ಚರ್ಚಾಕೂಟದಲ್ಲಿ ನಾನು ಎಷ್ಟೋ ಸಲ ಸೋತಿದ್ದೇನೆ. ಗೆದ್ದು ಹೀಗೆ ತಲೆ ತಗ್ಗಿಸಿದ್ದು ಅದೊಂದೇ ಸಲ. ಮೂರು ಅಂಶಗಳನ್ನು ಕ್ರಮವಾಗಿ ಜೋಡಿಸಿದರೆ ಅಪ್ಪ ಒಪ್ಪಬಹುದು, ಅವ್ವೆ ಒಪ್ಪಬಹುದು, ಕಲೆ ಮಾತ್ರ ಕೂಟದ ಸದಸ್ಯನಲ್ಲ. ಬಟ್ಟೆಯ ಕಪ್ಪನ್ನು ಎಷ್ಟೋ ಹೊತ್ತು ದಿಟ್ಟಿಸಿದೆ. ಇದೇ ಕಪ್ಪನ್ನು ಎಲ್ಲೋ ನೋಡಿದ್ದೇನೆ ಎನ್ನಿಸುತ್ತಿತ್ತು. ಆಮೇಲೆ ಥಟ್ಟನೆ ಹೊಳೆಯಿತು: ಶಾಲೆಯಲ್ಲಿ! ಅಳಲೆಕಾಯಿಯನ್ನು ಕುಟ್ಟಿ ನೆನೆಸಿ, ಅದರ ಒಗರು ನೀರಿಗೆ ತುಕ್ಕು ಹಿಡಿದ ಮೊಳೆಗಳನ್ನು ಹಾಕಿ ನಾವು ಮಸಿ ಮಾಡುತ್ತಿದ್ದೆವು. ಟೀಯೂ ಒಗರು. ಹಂಡೆ ಕಬ್ಬಿಣ. ನಾನು ಅಕ್ಕನ ಬಟ್ಟೆಯಲ್ಲಿ ಮಸಿ ಕಾಯಿಸಿದ್ದೆ!

ಆ ಗಳಿಗೆಯ ಸಂತೋಷವನ್ನು ಹೇಗೆ ಹೇಳಲಿ. ಕಲೆ ಹೋಗಿರಲಿಲ್ಲ, ಆದರೆ ಅದರ ಗುಟ್ಟು ತಿಳಿದಿತ್ತು. ಒಳಗೆ ಓಡಿಹೋಗಿ, ಅದು ಟೀ ಕಲೆಯಲ್ಲ ಈಗ, ಅದರೊಳಗೆ ತುಕ್ಕಿದೆ, ತುಕ್ಕಿಗೆ ಹುಳಿ ಎಂದು ನೀನೇ ಹೇಳುತ್ತಿದ್ದೆ ಎಂದು ಹೆತ್ತೆಗೆ ಉಸಿರು ಬಿಡದೆ ಹೇಳಿದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸಿದಳು. ಇದಾದರೆ ಮಾತು, ಆದರೆ ಈ ಸಲ ಅವಳ ಬಟ್ಟೆಯ ಮೇಲೆ ಬೇಡ, ನಿನ್ನದರ ಮೇಲೆ ಮಾಡು ಎಂದಳು.

ನನ್ನ ಬಳಿ ಒಂದೇ ಒಳ್ಳೆಯ ಬಿಳಿ ಅಂಗಿ ಇತ್ತು, ಚರ್ಚೆಗೆ ಹಾಕಿಕೊಳ್ಳುವುದು. ಅದನ್ನು ಅಂಗೈಯಗಲದ ಪಟ್ಟಿಗಳಾಗಿ ಹರಿದೆ. ಎಲ್ಲಕ್ಕೂ ಟೀ ಸುರಿದು, ಎಲ್ಲವನ್ನೂ ಕಬ್ಬಿಣದ ಹಂಡೆಯಲ್ಲಿ ಬೂದಿನೀರಿನೊಡನೆ ಕುದಿಸಿ, ಅಕ್ಕನ ಬಟ್ಟೆಯಷ್ಟೇ ಕಪ್ಪು ಮಾಡಿದೆ. ಯಾವುದು ಯಾವುದೆಂದು ಮರೆಯದಂತೆ ಒಂದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ. ಒಂದು ಗಂಟಿನದಕ್ಕೆ ಹುಳಿ ಮಜ್ಜಿಗೆ. ಎರಡರದಕ್ಕೆ ಮಜ್ಜಿಗೆ, ಉಪ್ಪು. ಮೂರರದಕ್ಕೆ ಏನನ್ನೂ ಹಾಕಲಿಲ್ಲ, ಹೋಲಿಸಿ ನೋಡಲು. ನಾಲ್ಕಕ್ಕೆ ಹುಣಸೆ ನೀರು. ಐದಕ್ಕೆ ಅಂಟುವಾಳದ ನೊರೆ, ಆರಕ್ಕೆ ನೀಲಗಿರಿ ಎಣ್ಣೆ, ಏಳಕ್ಕೆ ಬಿಸಿ ಹಾಲು. ಹಾಲು ಅವ್ವೆಯ ಸಲಹೆ, ಅದರ ಹೊಣೆ ನನ್ನದಲ್ಲ. ನಿಂಬೆಹಣ್ಣು ಸಿಕ್ಕಿದ್ದರೆ ಆಗುತ್ತಿತ್ತು, ಅದು ಬರುವುದು ಕೆಳಗಿನ ಊರುಗಳಿಂದ, ಸಂತೆಯ ದಿನ ಇನ್ನೂ ದೂರವಿತ್ತು.

ಬೆಳಗಾದರೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತಿರುತ್ತಿತ್ತು. ನಾನು ಹಲ್ಲು ಕಟಕಟಿಸುತ್ತ ಎದ್ದು ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬಟ್ಟೆ ತರುತ್ತಿದ್ದ ಹೆಂಗಸರು ಈಗ ಪಟ್ಟಿ ನೋಡಲು ಬರತೊಡಗಿದರು. ಅವರಿಗೂ ಇದು ಬೇಕಾದ ವಿಷಯವೇ. ದೂರದ ತೋಟಗಳಿಗೆ ಕೂಲಿಗೆ ಹೋಗಿ ಟೀ ಎಲೆ ಕಿತ್ತು ಕಿತ್ತು ಅವರ ಬಿಳಿಯೆಲ್ಲ ಕಂದಾಗುತ್ತಿತ್ತು, ಬೂದಿನೀರಿಗೆ ಹಾಕಿದಷ್ಟೂ ಇನ್ನೂ ಕಂದಾಗುತ್ತಿತ್ತು. ಅದು ಬರೀ ಕೊಳೆ, ತಮ್ಮ ಕೈಯ ಬಲ ಸಾಲದು ಎಂದು ಹೆತ್ತೆಗೆ ತೋರಿಸದೆ ಇನ್ನಷ್ಟು ಬೂದಿ ಹಾಕುತ್ತಿದ್ದವರು ಅವರು. ಒಬ್ಬಾಕೆ ಗೆಲ್ಲುವುದು ಎರಡು ಗಂಟು ಎಂದಳು, ಇನ್ನೊಬ್ಬಳು ನಾಲ್ಕು ಗಂಟು ಎಂದಳು. ಹೆತ್ತೆ ಹುಣಸೆಯ ಕಡೆ. ನಾನು ಮಜ್ಜಿಗೆಯ ಕಡೆ. ಹೀಗೆ ಎರಡು ದಿನ. ಮಜ್ಜಿಗೆಯ ಪಟ್ಟಿಗಳು ಕಪ್ಪಿನಿಂದ ಬೂದಿಗೆ ಬಂದವು, ಅಲ್ಲೇ ನಿಂತವು. ಹುಣಸೆಯದು ಬೂದಿಗೆ ಬಂತು, ಜೊತೆಗೆ ತನ್ನದೇ ಒಂದು ಕೆಂಪನ್ನೂ ತಂದಿತು. ಐದೂ ಆರೂ ಏಳೂ ಕಪ್ಪಾಗಿಯೇ ಉಳಿದವು.

ಐದನೆಯ ದಿನ ಮಧ್ಯಾಹ್ನ ಅಕ್ಕ ಜಗಲಿಯ ಮೇಲೆ ಕುಳಿತು ಹುಳಿಸೊಪ್ಪು ಅರೆಯುತ್ತಿದ್ದಳು. ತೊರೆಯ ಬದಿಯ ತಂಪಿನಲ್ಲಿ ಬೆಳೆಯುವ, ಮೂರು ಮೂರು ಎಲೆಯ ಸಣ್ಣ ಸೊಪ್ಪು ಅದು. ಮಕ್ಕಳು ಬಾಯಿಗೆ ಹಾಕಿಕೊಂಡು ಮುಖ ಹಿಂಡುತ್ತಾರೆ. ಬಸುರಿನ ಬಾಯಿಗೆ ಅವಳಿಗೆ ದಿನವೂ ಅದೇ ಬೇಕು, ಕಲ್ಲಿನಲ್ಲಿ ಉಪ್ಪಿನೊಡನೆ ಅರೆದು ನೆಕ್ಕುತ್ತಿದ್ದಳು. ಅರೆದಾದ ಮೇಲೆ ಕೈ ಒರೆಸಲು ಏನೋ ಸಿಕ್ಕಿತು, ಒರೆಸಿ ಎಸೆದಳು. ಅದು ಮೂರು ಗಂಟಿನ ಪಟ್ಟಿ.

ನಾನು ಕೂಗಾಡಿಬಿಟ್ಟೆ. ಏನನ್ನೂ ಹಾಕಬಾರದೆಂದು ಇಟ್ಟದ್ದು ಅದೊಂದೇ, ಅದು ಕೆಟ್ಟರೆ ಉಳಿದ ಆರಕ್ಕೂ ಅರ್ಥವಿಲ್ಲ, ನಿನಗೆ ಕ್ರಮ ಎಂಬುದೇ ಗೊತ್ತಿಲ್ಲ ಎಂದೆಲ್ಲ ಹೇಳಿದೆ. ಅವಳು ಬೆರಳು ನೆಕ್ಕುತ್ತಲೇ ಕೇಳಿದಳು. ನಾನು ಸಿಟ್ಟಿನಿಂದ ಪಟ್ಟಿಯನ್ನು ಜಗಲಿಯ ಬಿಸಿಲಿಗೆ ಎಸೆದು ಹೊಲದ ಕಡೆ ಹೋದೆ.

ಮರಳಿ ಬಂದಾಗ ಅಕ್ಕ ಅದನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಳು. ಕಪ್ಪಿನ ಮೇಲೆ ಸಾಲಾಗಿ ನಾಲ್ಕು ಬಿಳಿ ಬೆರಳು ಮೂಡಿದ್ದವು.

ನನಗೆ ಕುಣಿಯಬೇಕೆನಿಸಿತು, ಕುಣಿದೆ ಎಂದೇ ಅವ್ವೆ ಹೇಳುತ್ತಾಳೆ. ಹೆತ್ತೆಯನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ಅವಳು ಆ ನಾಲ್ಕು ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಅಕ್ಕನ ಕೈಯನ್ನೂ ತೆಗೆದುಕೊಂಡು ನೋಡಿದಳು. ನಾನು ಆಗಲೇ ಮುಂದಿನದನ್ನು ಹೇಳತೊಡಗಿದ್ದೆ. ಇದು ಸೊಪ್ಪಿನಿಂದಲೋ ಉಪ್ಪಿನಿಂದಲೋ ಬಿಸಿಲಿನಿಂದಲೋ ತಿಳಿಯಬೇಕು, ಇನ್ನು ಮೂರು ಪಟ್ಟಿ ಹರಿಯಬೇಕು, ಎರಡು ದಿನ ನೋಡಬೇಕು.

‘ಉಳಿದಿರುವುದೇ ಎರಡು ದಿನ,’ ಎಂದಳು ಅಕ್ಕ.

‘ಆದರೂ ಆತುರ ಬೇಡ ಅಕ್ಕಾ. ಮೊನ್ನೆ ಆತುರಪಟ್ಟೇ ಅಲ್ಲವೇ ಕೆಟ್ಟದ್ದು.’

‘ಮೊನ್ನೆ ನೀ ಕಾಣದ್ದನ್ನ ಮಾತಲ್ಲಿ ಕಂಡೆ. ಇದು ಕಣ್ಣಿಗೆ ಕಾಣುತ್ತು. ಸೊಪ್ಪು, ಉಪ್ಪು, ಬಿಸಿಲು, ಮೂರೂ ಹಾಕುತ್ತೆ. ಯಾವುದು ಕೆಲಸ ಮಾಡಿತು ಅಂತ ಆಮೇಲೆ ನೀ ನಿಧಾನಕ್ಕೆ ಜಗಳ ಆಡು.’

ಎದುರು ಪಕ್ಷದಲ್ಲಿ ಅವಳಂಥವರು ಕೂತಿದ್ದರೆ ಶಾಲೆಯಲ್ಲಿ ನಾನು ಒಂದು ಚರ್ಚೆಯನ್ನೂ ಗೆಲ್ಲುತ್ತಿರಲಿಲ್ಲ.

ಇಡೀ ಸಂಜೆ ನಾನೂ ಅವ್ವೆಯೂ ತೊರೆಯ ಬದಿಯಲ್ಲಿ ಬಗ್ಗಿ ಹುಳಿಸೊಪ್ಪು ಕಿತ್ತೆವು. ಮರುದಿನ ಅಕ್ಕ ತಾನೇ ಅರೆದು, ಉಪ್ಪು ಬೆರೆಸಿ, ರಸವನ್ನು ಬಟ್ಟೆಯಿಂದ ಸೋಸಿದಳು. ಸೋಸಬೇಕೆಂದು ಹೇಳಿದ್ದು ಹೆತ್ತೆ. ಇಲ್ಲದಿದ್ದರೆ ಸೊಪ್ಪಿನ ಹಸಿರು ಹತ್ತಿ ಇನ್ನೊಂದು ಕಲೆಯಾಗುತ್ತಿತ್ತು. ಅಂಚಿನಿಂದ ನಡುವಿಗೆ ಹಚ್ಚು, ನಡುವಿನಿಂದ ಅಂಚಿಗೆ ಹಚ್ಚಿದರೆ ಕಲೆ ಹರಡುತ್ತದೆ ಎಂದೂ ಅವಳೇ ಹೇಳಿದಳು. ಈ ಸಲ ಏಕೆ ಎಂದು ನಾನು ಕೇಳಲಿಲ್ಲ, ಏಕೆಂದರೆ ಟೀ ಚೆಲ್ಲಿದಾಗ ಅದು ಹರಡಿದ್ದನ್ನು ನಾನೇ ನೋಡಿದ್ದೆ. ಬಟ್ಟೆಯನ್ನು ಕಲ್ಲಿನ ಗೋಡೆಯ ಮೇಲೆ ಬಿಸಿಲಿಗೆ ಹಾಕಿದೆವು. ಅಕ್ಕ ಅದರ ಪಕ್ಕದಿಂದ ಏಳಲಿಲ್ಲ. ಕಪ್ಪು ಬೂದಿಯಾಯಿತು, ಬೂದಿ ನಸುಹಳದಿಯಾಯಿತು. ಒಣಗಿದಾಗಲೆಲ್ಲ ಇನ್ನೊಮ್ಮೆ ರಸ. ಹೊತ್ತು ಇಳಿಯುವಷ್ಟರಲ್ಲಿ ಮಸಿಯೆಲ್ಲ ಹೋಗಿ, ಮೊದಲಿನ ಟೀಯ ಕಂದು ಮಾತ್ರ ತೆಳ್ಳಗೆ ಉಳಿದಿತ್ತು.

ರಸವನ್ನು ಹಾಗೇ ಬಿಟ್ಟರೆ ನೂಲು ಸವೆದೀತು ಎಂದು ಹೆತ್ತೆ ತೊರೆಯಲ್ಲಿ ಏಳು ಸಲ ಜಾಲಿಸಿದಳು. ಏಳೇ ಏಕೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯವರೆಗೆ ಬಂತು. ಆಮೇಲೆ ಅವಳು ಉಳಿದ ಕಂದಿಗೆ ತನ್ನ ಉಪಾಯ ಹೇಳಿದಳು: ಹೊಸ ಕೋರಾ ಬಟ್ಟೆಯನ್ನು ಬೆಳ್ಳಗೆ ಮಾಡಲು ಅವಳ ಕಾಲದಲ್ಲಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಹರಡಿ, ಹಿಮ ಕರಗಿ ಬಿಸಿಲು ಏರುವವರೆಗೆ ಬಿಡುತ್ತಿದ್ದರಂತೆ. ಏಳನೆಯ ದಿನ ಬೆಳಕು ಹರಿಯುವಾಗ ನಾವು ಮೂವರೂ ಬಟ್ಟೆಯ ತುದಿಗಳನ್ನು ಹಿಡಿದು ಇಳಿಜಾರಿನ ಹುಲ್ಲಿನ ಮೇಲೆ ಹಾಸಿದೆವು. ಕಾಲ ಕೆಳಗೆ ಹುಲ್ಲು ಗರಗರ ಎನ್ನುತ್ತಿತ್ತು. ಬಿಸಿಲು ಬಂದಾಗ ಬಟ್ಟೆಯಿಂದ ಆವಿ ಎದ್ದಿತು. ಮಧ್ಯಾಹ್ನ ನೋಡಿದರೆ, ಕೆನೆಯ ಬಣ್ಣದ ಒಂದು ನೆರಳು, ಅಷ್ಟೇ. ಇದೆಯೆಂದು ಗೊತ್ತಿದ್ದವನಿಗೆ ಕಾಣುತ್ತದೆ, ಗೊತ್ತಿಲ್ಲದವನಿಗೆ ಇಲ್ಲ. ಆ ಭಾಗ ಒಳಗೆ ಹೋಗುವಂತೆ ಸುತ್ತಿಕೊಂಡರೆ ಯಾರಿಗೂ ಕಾಣದು ಎಂದು ಅಕ್ಕನಿಗೆ ಸೂಚಿಸಿದೆ. ಅತ್ತೆ ಹೇಗೆ ಸುತ್ತಿದ್ದಳೋ ಹಾಗೆಯೇ ಸುತ್ತಿಕೊಳ್ಳುತ್ತೇನೆ, ಕಂಡರೆ ಕಾಣಲಿ ಎಂದಳು.

ಎಂಟನೆಯ ದಿನ ಬಾವನ ಕಡೆಯವರು ಬಂದರು. ಮನೆ ತುಂಬ ಬಿಳಿ. ಅಕ್ಕ ಬಟ್ಟೆಯನ್ನು ಕೊರಳವರೆಗೆ ಎಳೆದು ಸಿಕ್ಕಿಸಿಕೊಂಡು ಒಳಮನೆಯಲ್ಲಿ ಕುಳಿತಳು. ಬಾವ ಎದ್ದು ನಿಂತು, ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲೇ ಎಂದು ಅಪ್ಪನನ್ನು ಕೇಳಿದರು. ಕೇಳಬೇಕಾದಷ್ಟು ಸಲ ಕೇಳಿದರು, ಅಪ್ಪ ಹಾಕು ಎಂದರು. ಎಲ್ಲರ ಕಣ್ಣೂ ನೂಲಿನ ಮೇಲೆ. ನಾನೊಬ್ಬ ಆ ಕೆನೆಬಣ್ಣದ ನೆರಳನ್ನೇ ನೋಡುತ್ತ ನಿಂತಿದ್ದೆ.

ನೂಲು ಬಿದ್ದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಅಕ್ಕನ ಬಳಿ ಹೋದರು. ಬಾವನ ಚಿಕ್ಕಮ್ಮ, ತೀರಿಕೊಂಡ ಅತ್ತೆಯ ಸ್ವಂತ ತಂಗಿ, ಅಕ್ಕನ ಎದುರು ಕೂತವಳು ಏಳಲಿಲ್ಲ. ಬಟ್ಟೆ ಸಿಕ್ಕಿಸಿದ್ದ ಜಾಗವನ್ನು ನೋಡಿದಳು. ಕೈ ಚಾಚಿ ಮುಟ್ಟಿದಳು. ಆ ಕೈ ಕೆಳಗಿಳಿದು ಸರಿಯಾಗಿ ಆ ನೆರಳಿನ ಮೇಲೆ ನಿಂತಿತು.

‘ಎನ್ನ ಅಕ್ಕ ಹಿಂಗೇ ಸುತ್ತುತ್ತಿದ್ದಳು,’ ಎಂದಳು ಅವಳು. ‘ಇದು ಅವಳು ಕೊಟ್ಟುದೇ ಅಲ್ಲವಾ?’

‘ಹೌದು ಚಿಕ್ಕಮ್ಮಾ.’

ಆಕೆ ಕಣ್ಣು ಒರೆಸಿಕೊಂಡ ಮೇಲೆ ಬೆರಳಿನಡಿಯ ನೆರಳನ್ನು ಕಂಡಳು. ಇಲ್ಲಿ ಏನೋ ಬಿದ್ದಿತ್ತಲ್ಲ ಎಂದು ಕೇಳಿದಳು. ಟೀ ಎಂದಳು ಅಕ್ಕ. ಆಕೆ ನಂಬಲಿಲ್ಲ. ಟೀ ಬಿದ್ದರೆ ಹೋಗುವುದುಂಟೇ ಎಂದು ತನ್ನ ಬಟ್ಟೆಯ ಸೆರಗನ್ನು ಎಳೆದು, ಎಲೆ ಕಿತ್ತು ಕಂದಾದ ಕಡೆಯನ್ನು ತೋರಿಸಿದಳು. ಹಿಂದಿನ ಇಬ್ಬರು ಹೆಂಗಸರೂ ತಮ್ಮ ತಮ್ಮ ಸೆರಗು ಹಿಡಿದು ಹತ್ತಿರ ಸರಿದರು.

ನಾನು ಬಾಯಿ ತೆರೆದಿದ್ದೆ, ಮೊದಲ ಅಂಶ ಸಿದ್ಧವಾಗಿತ್ತು. ಅಷ್ಟರಲ್ಲಿ ಅಕ್ಕ ಕೊರಳಿನ ಹೊಸ ನೂಲನ್ನು ಬಟ್ಟೆಯ ಒಳಗೆ ಸರಿಸಿಕೊಂಡು, ಅವರಿಗೆ ಹೇಳತೊಡಗಿದ್ದಳು: ಬೂದಿನೀರು ಹಾಕಬೇಡಿ, ಕಬ್ಬಿಣ ಮುಟ್ಟಿಸಬೇಡಿ, ತೊರೆಯ ಬದಿಗೆ ಹೋಗಿ ಹುಳಿಸೊಪ್ಪು ಕಿತ್ತು ತನ್ನಿ.